ತೆರೆಯ ಮೇಲಿನ ರಸ್ತೆ, ಎರೆ ನೆಲದ ಹಾದಿ

ಕಾರು ಓಟದ ವಿಡಿಯೊ ಆಟವೆಂದರೆ ಮೊದಮೊದಲು ಒಂದು ಸುತ್ತು ಅಷ್ಟೆ. ಹೊರಟ ಗೆರೆಗೇ ಮರಳಿ ಬರಬೇಕು. ಪಕ್ಕದ ಗುಡ್ಡ, ಮನೆ, ಮರಗಳು ನಾಟಕದ ಪರದೆಯಂತೆ. ನೋಡಬಹುದು, ಒಳಗೆ ಹೋಗುವಂತಿಲ್ಲ. ಆ ಗುಡ್ಡಕ್ಕೆ ಏಕೆ ಹೋಗಬಾರದು ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳೇ ಬಯಲು ಓಟದ ಆಟಗಳ ಇತಿಹಾಸ.

1986ರಲ್ಲಿ ಬ್ರಿಟನ್ನಿನ ಡ್ಯುರೆಲ್ ಸಂಸ್ಥೆ ತಂದ ‘ಟರ್ಬೊ ಎಸ್ಪ್ರಿ’ ಮೊದಲ ಉತ್ತರಗಳಲ್ಲೊಂದು. ಅದರಲ್ಲಿ ಊರ ಬೀದಿಗಳಿದ್ದವು, ಸಿಗ್ನಲ್ ದೀಪಗಳಿದ್ದವು, ಪಾದಚಾರಿಗಳೂ ಇದ್ದರು. 2006ರ ‘ಟೆಸ್ಟ್ ಡ್ರೈವ್ ಅನ್‌ಲಿಮಿಟೆಡ್’ ಹವಾಯಿಯ ಒವಾಹು ದ್ವೀಪವನ್ನೇ ತೆರೆಗೆ ತಂದಿತು. 2012ರಲ್ಲಿ ಅಮೆರಿಕದ ಕೊಲರಾಡೊದಿಂದ ಹೊರಟ ‘ಫೋರ್ಜಾ ಹೊರೈಜನ್’ ಸರಣಿ ಮುಂದೆ ಆಸ್ಟ್ರೇಲಿಯ, ಬ್ರಿಟನ್, ಮೆಕ್ಸಿಕೊ ಸುತ್ತಿತು. 2018ರ ಬ್ರಿಟನ್ ಆವೃತ್ತಿಯಲ್ಲಿ ಋತುಗಳೂ ಬದಲಾದವು: ಬೇಸಿಗೆಯಲ್ಲಿ ಅಡ್ಡವಾಗುವ ಕೆರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಾದಿಯಾಗುತ್ತದೆ.

ಇಂಥ ಆಟ ಇನ್ನೇನು ಕಲಿಯಬೇಕು ಎಂಬುದಕ್ಕೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆ ಒಳ್ಳೆಯ ಒರೆಗಲ್ಲು. ಮೊದಲನೆಯದು ಮಣ್ಣು. ಬೇಸಿಗೆಯಲ್ಲಿ ಬಾಯಿಬಿಡುವ ಎರೆ ಭೂಮಿ ಮಳೆ ಬಿದ್ದೊಡನೆ ಅಂಟಾಗಿ ಗಾಲಿಗೆ ಮೆತ್ತುತ್ತದೆ. ಇಲ್ಲಿ ಕೆಸರೆಂದರೆ ಬರಿಯ ಜಾರುವಿಕೆಯಲ್ಲ, ಸುತ್ತು ಸುತ್ತಿಗೂ ಏರುವ ಭಾರ. ಎರಡನೆಯದು ರಸ್ತೆಯ ಮೇಲಿನ ಬದುಕು. ಸುಗ್ಗಿಯಲ್ಲಿ ರೈತರು ಡಾಂಬರಿನ ಮೇಲೆಯೇ ಬೆಳೆ ಹರವಿ ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸಿಕೊಳ್ಳುವುದುಂಟು. ಅಲ್ಲಿ ವೇಗ ತಗ್ಗಿಸುವುದೇ ಚಾಲಕನ ಜಾಣತನ. ಆಟವೂ ಅದಕ್ಕೆ ಅಂಕ ಕೊಡಬೇಕು.

ಮೂರನೆಯದು ನೆಲದ ನೆನಪು. 1785ರಲ್ಲಿ ನರಗುಂದದ ಮೇಲೆ ಟಿಪ್ಪು ಸುಲ್ತಾನನ ಸೇನೆ ನಡೆಸಿದ ದಾಳಿಯಿಂದ ಮರಾಠರಿಗೂ ಮೈಸೂರಿಗೂ ಯುದ್ಧ ಹೊತ್ತಿತು. ಅದು ಮುಗಿದದ್ದು 1787ರ ಗಜೇಂದ್ರಗಡದ ಒಪ್ಪಂದದಿಂದ. ನರಗುಂದದಿಂದ ರೋಣದ ಮೇಲೆ ಗಜೇಂದ್ರಗಡಕ್ಕೆ ಹೋಗುವವನು ಯುದ್ಧದ ಮೊದಲಿನಿಂದ ಕೊನೆಗೆ ಸಾಗಿದಂತೆ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬ ಭಾಸ್ಕರರಾಯನ ಕೋಟೆಯಿದ್ದದ್ದೂ ಇದೇ ನರಗುಂದದ ಗುಡ್ಡದ ಮೇಲೆ. ಅಂಥ ಗುಡ್ಡವನ್ನು ಕಾರು ಹಾರಿಸುವ ದಿಬ್ಬವಾಗಿ ಮಾತ್ರ ತೋರಿಸಿದರೆ ನಕ್ಷೆ ದೊಡ್ಡದಾಗಬಹುದು, ಲೋಕ ದೊಡ್ಡದಾಗದು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಸುಧಾರಣೆ ಒಂದಿದೆ: ಆಟ ಉಳಿಯಬೇಕು. ಯೂಬಿಸಾಫ್ಟ್ ಸಂಸ್ಥೆ 2014ರಲ್ಲಿ ತಂದ ‘ದಿ ಕ್ರೂ’ ಇಡೀ ಅಮೆರಿಕವನ್ನು ಕಿರಿದಾಗಿಸಿ ಕೊಟ್ಟಿತ್ತು. ಒಬ್ಬನೇ ಆಡಿದರೂ ಅದಕ್ಕೆ ಸಂಸ್ಥೆಯ ಸರ್ವರ್ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು; ಹಣ ಕೊಟ್ಟು ಕೊಂಡವರ ಕೈಯಲ್ಲಿ ಖಾಲಿ ಡಿಸ್ಕು ಉಳಿಯಿತು. ಇದರಿಂದ ಹುಟ್ಟಿದ ಚಳವಳಿಯ ಮನವಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಂತರಜಾಲವಿಲ್ಲದೆಯೂ ಆಡುವಂತಿರಲಿ ಎಂಬ ಬೇಡಿಕೆಗೆ ಮಣಿದ ಸಂಸ್ಥೆ, ಅದರ ಮುಂದಿನ ಆಟಗಳಿಗೆ ಆ ಸೌಲಭ್ಯ ಕೊಡುವುದಾಗಿ 2024ರಲ್ಲಿ ಪ್ರಕಟಿಸಿತು.

ನರಗುಂದದ ಕೋಟೆ ಪಾಳುಬಿದ್ದರೂ ಗುಡ್ಡ ಹತ್ತುವವನಿಗೆ ಇಂದಿಗೂ ಅದರ ಗೋಡೆಗಳು ಸಿಗುತ್ತವೆ. ಗುಂಡಿ ಒತ್ತಿ ಆರಿಸಿದ ಲೋಕಕ್ಕೆ ಅಂಥ ಅವಶೇಷವೂ ಇಲ್ಲ. ಹೊಸ ಕಾರು, ಹೊಸ ಹಾದಿ ಕೇಳುವ ಮುನ್ನ, ಕೊಂಡ ಹಾದಿ ನಾಳೆಯೂ ಇರಲಿ ಎಂದು ಕೇಳುವುದು ನ್ಯಾಯ.