ರೈಫಲ್ ಮತ್ತು ಬಿಲ್ಲುಗಾರಿಕೆ ಸಂಘಗಳ ಸದಸ್ಯತ್ವ

ರೈಫಲ್ ಸಂಘ ಅಥವಾ ರೈಫಲ್ ಕ್ಲಬ್ ಎಂಬುದು ಗುರಿ ಹೊಡೆಯುವ ಕ್ರೀಡೆಗಳ ಅಭ್ಯಾಸಕ್ಕಾಗಿ ಆಸಕ್ತರೇ ಸೇರಿ ಕಟ್ಟಿಕೊಂಡು, ತಮ್ಮೊಳಗಿಂದ ಆರಿಸಿದ ಕಾರ್ಯಕಾರಿ ಸಮಿತಿಯ ಮೂಲಕ ನಡೆಸುವ ಸಂಸ್ಥೆ. ಕೆಲವು ಸಂಘಗಳಲ್ಲಿ ಬಿಲ್ಲುಗಾರಿಕೆಗೂ ಅವಕಾಶವಿರುತ್ತದೆ. ಕರ್ನಾಟಕದಲ್ಲಿ ಇಂಥ ಸಂಘವನ್ನು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿಸಬಹುದು. ಅದಕ್ಕೆ ಕನಿಷ್ಠ ಏಳು ಮಂದಿ ಬೇಕು. ಭಾರತದಲ್ಲಿ ರೈಫಲ್ ಸಂಘದ ಸದಸ್ಯತ್ವವು ಕೇವಲ ಆಟದ ಮೈದಾನದ ಪ್ರವೇಶವಲ್ಲ, ಕಾನೂನು ಮನ್ನಿಸುವ ಒಂದು ಅರ್ಹತೆಯೂ ಹೌದು.

ಹಿನ್ನೆಲೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಆಯುಧದ ಹಕ್ಕಿನ ಪ್ರಶ್ನೆಗೆ ದೀರ್ಘ ಇತಿಹಾಸವಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು; ಅವನಿಗೆ ಗುರಿಯಿಟ್ಟು ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂಬುದು ಜನಜನಿತ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ದಂಗೆಯೆದ್ದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯವು ಊರಿಗೆ ಬೆಂಕಿಯಿಟ್ಟಿತು. ಮರುವರ್ಷದ ಮೇ ತಿಂಗಳಿನಲ್ಲಿ ನರಗುಂದದ ಬಾಬಾಸಾಹೇಬ ಭಾವೆಯ ದಂಡು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದ ಸುರೇಬಾನ ಇಂದಿನ ರಾಮದುರ್ಗ ತಾಲೂಕಿನಲ್ಲಿದೆ. ಪರವಾನಗಿಯ ಪದ್ಧತಿಯನ್ನು 1878ರ ಶಸ್ತ್ರಾಸ್ತ್ರ ಕಾಯಿದೆ ಗಟ್ಟಿಗೊಳಿಸಿತು. ಸ್ವಾತಂತ್ರ್ಯಾನಂತರ ಅದರ ಸ್ಥಾನಕ್ಕೆ ಬಂದ 1959ರ ಕಾಯಿದೆಯು 1962ರ ಅಕ್ಟೋಬರ್ 1ರಂದು ಜಾರಿಯಾಯಿತು.

ಕಾನೂನಿನ ಸ್ಥಾನ

1959ರ ಕಾಯಿದೆಯ 13ನೆಯ ಪ್ರಕರಣದಂತೆ, ಕೇಂದ್ರ ಸರ್ಕಾರದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಸಂಘದ ಸದಸ್ಯನು ಗುರಿ ಅಭ್ಯಾಸಕ್ಕಾಗಿ .22 ರೈಫಲ್ ಕೋರಿದರೆ, ಬೇರೆ ಅನರ್ಹತೆಗಳಿಲ್ಲದಿದ್ದಲ್ಲಿ, ಅಧಿಕಾರಿಯು ಪರವಾನಗಿ ನೀಡತಕ್ಕದ್ದು. ಇತರ ಅರ್ಜಿದಾರರು ತಮ್ಮ ಅಗತ್ಯವನ್ನು ಸಾಧಿಸಿ ತೋರಿಸಬೇಕಾಗುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಒಬ್ಬನು ಇರಿಸಿಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು 2019ರ ತಿದ್ದುಪಡಿಯು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೆಳಗಾವಿ ಜಿಲ್ಲೆಯ ಇತರರಿಗೆ ಅನ್ವಯಿಸದು. ರಾಮದುರ್ಗದವರು ಬೆಳಗಾವಿಯ ಜಿಲ್ಲಾ ದಂಡಾಧಿಕಾರಿಗೇ ಅರ್ಜಿ ಸಲ್ಲಿಸಬೇಕು.

4.5 ಮಿ.ಮೀ. ವ್ಯಾಸದ, 20 ಜೂಲ್ ಮೀರದ ಶಕ್ತಿಯ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಕ್ರೀಡೆಯ ಬಿಲ್ಲು ಬಂದೂಕಿನ ವರ್ಗಕ್ಕೇ ಸೇರದು. ಹೊಸಬರಲ್ಲಿ ಹೆಚ್ಚಿನವರು ಇವೆರಡರಿಂದಲೇ ಆರಂಭಿಸುವುದಕ್ಕೆ ಖರ್ಚಿನಷ್ಟೇ ಇದೂ ಕಾರಣ.

ಸೇರ್ಪಡೆ ಮತ್ತು ಅಭ್ಯಾಸ

ಅರ್ಜಿಯೊಡನೆ ಗುರುತು, ವಿಳಾಸ ಮತ್ತು ವಯಸ್ಸಿನ ದಾಖಲೆಗಳನ್ನು ಕೇಳುವುದು ವಾಡಿಕೆ. ಹಲವು ಸಂಘಗಳು ಹಳೆಯ ಸದಸ್ಯರ ಶಿಫಾರಸನ್ನೂ ಪೊಲೀಸ್ ಪರಿಶೀಲನೆಯನ್ನೂ ಅಪೇಕ್ಷಿಸುತ್ತವೆ. ಸಂಘದ ಬಂದೂಕುಗಳು ಸಂಘದ ಹೆಸರಿನಲ್ಲೇ ಇರುವುದರಿಂದ ಕಲಿಯುವವರು ಮೊದಲಿಗೇ ಸ್ವಂತದ್ದನ್ನು ಕೊಳ್ಳಬೇಕಾಗಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಕೇಳುವುದೂ ಸಮಿತಿಯನ್ನು ಚುನಾಯಿಸುವುದೂ ಸದಸ್ಯರ ಹಕ್ಕು. ಮೈದಾನದ ಉಸ್ತುವಾರಿಯಲ್ಲಿ ಸರದಿಯಂತೆ ಭಾಗವಹಿಸುವುದು ಬರೆಯದ ಕರಾರು.

ಮೊದಲ ಪಾಠ ಗುರಿಯದ್ದಲ್ಲ, ಸುರಕ್ಷತೆಯದ್ದು. ನಳಿಗೆ ಸದಾ ಗುರಿಹಲಗೆಯ ದಿಕ್ಕಿಗಿರಬೇಕು; ಗುಂಡು ತುಂಬಿಲ್ಲವೆಂದು ತೋರಿಸಲು ಕೋಣೆಯಲ್ಲಿ ಬಣ್ಣದ ಸುರಕ್ಷತಾ ಪಟ್ಟಿ ಇಡಬೇಕು. ಬಿಲ್ಲುಗಾರಿಕೆಯಲ್ಲಿ ಆಜ್ಞೆ ಸೀಟಿಯದು: ಎರಡು ಸಲ ಊದಿದರೆ ರೇಖೆಗೆ ಬರುವುದು, ಒಂದು ಸಲಕ್ಕೆ ಬಾಣ ಬಿಡುವುದು, ಮೂರು ಸಲಕ್ಕೆ ಮುಂದೆ ಹೋಗಿ ಬಾಣ ಹೆಕ್ಕುವುದು.

ಸ್ಪರ್ಧೆ

ಹತ್ತು ಮೀಟರ್ ಏರ್ ರೈಫಲ್‌ನ ಗುರಿಯಲ್ಲಿ ಹತ್ತು ಅಂಕದ ನಡುಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಒಲಿಂಪಿಕ್ ರಿಕರ್ವ್ ಬಿಲ್ಲಿನಲ್ಲಿ 70 ಮೀಟರ್ ದೂರದ 122 ಸೆಂ.ಮೀ. ವ್ಯಾಸದ ಹಲಗೆಗೆ ಬಾಣ ಬಿಡಲಾಗುತ್ತದೆ. ರೈಫಲ್ ಮತ್ತು ಪಿಸ್ತೂಲ್ ಸ್ಪರ್ಧೆಗಳನ್ನು 1951ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆಯೂ, ರಾಜ್ಯದಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯೂ ನಡೆಸುತ್ತವೆ; ಬಿಲ್ಲುಗಾರಿಕೆಗೆ 1973ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹತ್ತು ಮೀಟರ್ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದರು.