ನಷ್ಟಭಯದ ಅಳತೆ: ಮಿತಾಕ್ಷರೆಯಿಂದ ಗಣಕಯಂತ್ರದವರೆಗೆ

ಹಣವನ್ನು ತೊಡಗಿಸಿದವನು ಎಷ್ಟು ಗಳಿಸಿದನೆಂದು ಎಣಿಸುವುದು ಸುಲಭ. ಆ ಗಳಿಕೆಗಾಗಿ ಎಷ್ಟು ನಷ್ಟಭಯವನ್ನು ಹೊತ್ತನೆಂದು ಎಣಿಸುವುದು ಕಷ್ಟ. ಈ ಎರಡನೆಯ ಎಣಿಕೆಯನ್ನು ಇಂದು ಗಣಕಯಂತ್ರದ ತಂತ್ರಾಂಶಗಳು ಕ್ಷಣಮಾತ್ರದಲ್ಲಿ ಮಾಡಿ, ಒಂದೇ ಅಂಕೆಯಲ್ಲಿ ಉತ್ತರವನ್ನು ಮುಂದಿಡುತ್ತವೆ. ಆ ಅಂಕೆಯು ಹೇಗೆ ಹುಟ್ಟಿತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ಲೇಖನದ ವಿಚಾರ. ಇದರ ಪೂರ್ವಪೀಠಿಕೆಯು ನಮ್ಮ ನಾಡಿನ ಗ್ರಂಥಗಳಲ್ಲಿಯೇ ದೊರೆಯುವುದರಿಂದ ಅಲ್ಲಿಂದಲೇ ಆರಂಭಿಸುವುದು ಯುಕ್ತ.

ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಡ್ಡಿಯ ದರಗಳು ನಾಲ್ಕು ವಿಧವಾಗಿವೆ. ನೂರು ಪಣಕ್ಕೆ ತಿಂಗಳಿಗೆ ೧¼ ಪಣವು ಧರ್ಮ್ಯವಾದುದು. ವ್ಯಾಪಾರದ ಸಾಲಕ್ಕೆ ೫, ಕಾಡುದಾರಿಯಲ್ಲಿ ಹೋಗುವವರಿಗೆ ೧೦, ಸಮುದ್ರಯಾನ ಮಾಡುವವರಿಗೆ ೨೦. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಕಾಡಿಗೆ ೧೦, ಕಡಲಿಗೆ ೨೦ ಎಂಬ ದರಗಳೇ ಇವೆ. ಅದರಲ್ಲಿ ಒತ್ತೆಯಿಲ್ಲದ ಸಾಲಕ್ಕೆ ವರ್ಣಾನುಸಾರವಾಗಿ ೨ರಿಂದ ೫ರವರೆಗೆ ದರವನ್ನು ಹೇಳಿರುವುದರಿಂದ, ದರಭೇದಗಳೆಲ್ಲವೂ ನಷ್ಟಭಯದಿಂದಲೇ ಉಂಟಾದುವೆನ್ನಲಾಗದು. ಆದರೆ ಕಾಡು ಕಡಲುಗಳ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಕಾರಣವನ್ನೇ ಬಿಡಿಸಿ ಹೇಳಿದ್ದಾನೆ: ಅಂತಹ ಸಾಲದಲ್ಲಿ ಮೂಲಧನವೇ ನಾಶವಾಗುವ ಶಂಕೆಯುಂಟು, ಆದಕಾರಣ ಹೆಚ್ಚಿನ ವೃದ್ಧಿ ಸಲ್ಲುತ್ತದೆ.

ಈ ದರಗಳ ಅರ್ಥವನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ತಿಂಗಳ ಅವಧಿಯ ಆರು ಕಡಲಸಾಲಗಳಲ್ಲಿ ಒಂದು ಪೂರ್ತಿ ಮುಳುಗಿದರೂ ಉಳಿದ ಐದು, ತಲಾ ನೂರಕ್ಕೆ ನೂರಿಪ್ಪತ್ತಾಗಿ, ಆರರ ಮೂಲವನ್ನು ಹಿಂದಿರುಗಿಸುತ್ತವೆ. ಕಾಡಿನ ದರದಲ್ಲಿ ಹನ್ನೊಂದರಲ್ಲಿ ಒಂದು ಹೋದರೆ ಸರಿಸಮ. ಇಂತಹ ಲೆಕ್ಕವನ್ನು ಸ್ಮೃತಿಕಾರರು ಮಾಡಿದರೆಂದು ನಾವು ಹೇಳುತ್ತಿಲ್ಲ. ಅವರ ದರಗಳಲ್ಲಿ ಅಡಗಿರುವ ಊಹೆಯನ್ನಷ್ಟೇ ತೋರಿಸುತ್ತಿದ್ದೇವೆ. ಇತ್ತ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ಮೂಲ, ಕಾಲ, ವೃದ್ಧಿಗಳನ್ನು ಕುಶಲತೆಯಿಂದ ಬೇರ್ಪಡಿಸುತ್ತಾನೆ. ಆದರೆ ಮೂಲವೇ ಮುಳುಗುವ ಶಂಕೆಯು ಆ ಲೆಕ್ಕಗಳ ವಿಷಯವಲ್ಲ. ಧರ್ಮಶಾಸ್ತ್ರಜ್ಞನು ನಷ್ಟಭಯವನ್ನು ಗುರುತಿಸಿದನು, ಗಣಿತಜ್ಞನು ವೃದ್ಧಿಯನ್ನು ಎಣಿಸಿದನು. ಇವೆರಡೂ ಒಂದೇ ಸೂತ್ರದಲ್ಲಿ ಕೂಡಲಿಲ್ಲ.

ಅವು ಕೂಡಿದುದು ಇಪ್ಪತ್ತನೆಯ ಶತಮಾನದಲ್ಲಿ, ಅಮೆರಿಕದಲ್ಲಿ. ೧೯೫೨ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಎಂಬವರು ಪ್ರತಿಫಲವು ತನ್ನ ಸರಾಸರಿಯಿಂದ ಎಷ್ಟು ಅತ್ತಿತ್ತ ಚಲಿಸುವುದೋ ಆ ಚಲನೆಯನ್ನೇ ನಷ್ಟಭಯದ ಅಳತೆಯಾಗಿ ಗ್ರಹಿಸಿದರು. ಆದರೆ ನೂರು ಬಗೆಯ ಷೇರುಗಳಿದ್ದರೆ ಅವುಗಳ ಪರಸ್ಪರ ಸಂಬಂಧಗಳೇ ೪೯೫೦ ಆಗುತ್ತವೆ. ಕೈಲೆಕ್ಕಕ್ಕೆ ಇದು ನಿಲುಕದು. ೧೯೬೩ರಲ್ಲಿ ವಿಲಿಯಂ ಷಾರ್ಪ್ ಎಂಬವರು ಪ್ರತಿಯೊಂದು ಷೇರನ್ನೂ ಒಂದೇ ಸೂಚ್ಯಂಕಕ್ಕೆ ಹೋಲಿಸುವ ಸರಳ ಮಾರ್ಗವನ್ನು ಕಂಡುಹಿಡಿದರು. ಐ.ಬಿ.ಎಂ. ೭೦೯೦ ಯಂತ್ರದಲ್ಲಿ ೩೩ ನಿಮಿಷ ಹಿಡಿಯುತ್ತಿದ್ದ ನೂರು ಷೇರುಗಳ ಲೆಕ್ಕವು ಇದರಿಂದ ೩೦ ಸೆಕೆಂಡಿಗೆ ಇಳಿಯಿತು.

೧೯೬೫ರಲ್ಲಿ ಜ್ಯಾಕ್ ಟ್ರೇನರ್ ನಿಧಿನಿರ್ವಾಹಕರ ಸಾಮರ್ಥ್ಯವನ್ನು ತೂಗುವ ಮಾನವೊಂದನ್ನು ಸೂಚಿಸಿದರು. ಮರುವರ್ಷ ಷಾರ್ಪ್‌ರವರು ತಮ್ಮ ಪ್ರಸಿದ್ಧವಾದ ನಿಷ್ಪತ್ತಿಯನ್ನು ಪ್ರಕಟಿಸಿದರು. ಪ್ರತಿಫಲದಿಂದ ನಿರಪಾಯವಾದ ಬಡ್ಡಿಯನ್ನು ಕಳೆದು, ಶೇಷವನ್ನು ಚಲನೆಯ ಪ್ರಮಾಣದಿಂದ ಭಾಗಿಸುವುದೇ ಅದರ ವಿಧಾನ. ನಿರಪಾಯ ಬಡ್ಡಿ ನೂರಕ್ಕೆ ೬ ಇರಲಿ. ಒಬ್ಬನು ೨೦ರ ಚಲನೆಯೊಡನೆ ೧೫ನ್ನೂ, ಮತ್ತೊಬ್ಬನು ೮ರ ಚಲನೆಯೊಡನೆ ೧೧ನ್ನೂ ಗಳಿಸಲಿ. ಮೊದಲನೆಯವನ ನಿಷ್ಪತ್ತಿ ೦.೪೫, ಎರಡನೆಯವನದು ೦.೬೨೫. ಕಡಮೆ ಗಳಿಸಿದವನೇ ಇಲ್ಲಿ ಮೇಲು. ೧೯೫೪–೬೩ರ ಅವಧಿಗೆ ೩೪ ನಿಧಿಗಳನ್ನು ಷಾರ್ಪ್ ಹೀಗೆ ಪರೀಕ್ಷಿಸಿದಾಗ, ೧೧ ಮಾತ್ರವೇ ಡೌ ಜೋನ್ಸ್ ಸೂಚ್ಯಂಕವನ್ನು ಮೀರಿದುವು. ನಿರ್ವಾಹಕರ ಕೀರ್ತಿಗೆ ಇದು ದೊಡ್ಡ ಪೆಟ್ಟಾಯಿತು. ೧೯೭೯ರ ವಿಸಿಕ್ಯಾಲ್ಕ್ ಮೊದಲಾದ ಕೋಷ್ಟಕ ತಂತ್ರಾಂಶಗಳು ಬಂದಮೇಲೆ ಈ ಪರೀಕ್ಷೆಯು ಸಾಮಾನ್ಯ ಗುಮಾಸ್ತನ ಕೈಗೂ ಎಟುಕಿತು.

ಎಟುಕಿದುದರಿಂದಲೇ ಎಚ್ಚರವೂ ಬೇಕಾಯಿತು. ತಿಂಗಳ ಅಂಕೆಯನ್ನು ವರ್ಷದ ಅಂಕೆಯಾಗಿ ಮಾಡಲು ತಂತ್ರಾಂಶವು ೧೨ರ ವರ್ಗಮೂಲದಿಂದ ಗುಣಿಸುತ್ತದೆ; ಒಂದು ತಿಂಗಳ ಫಲವು ಮುಂದಿನ ತಿಂಗಳಿನದಕ್ಕೆ ಅಂಟಿಕೊಂಡಿದ್ದರೆ ಈ ಗುಣಾಕಾರವು ಸಲ್ಲದು. ಹೀಗೆ ನಿಷ್ಪತ್ತಿಯು ನೂರಕ್ಕೆ ೬೫ರವರೆಗೆ ಉಬ್ಬಬಹುದೆಂದು ೨೦೦೨ರಲ್ಲಿ ಆಂಡ್ರ್ಯೂ ಲೋ ತೋರಿಸಿದರು. ೨೦೦೮ರ ಡಿಸೆಂಬರಿನಲ್ಲಿ ಬಯಲಾದ ಬರ್ನಾರ್ಡ್ ಮೇಡಾಫನ ವಂಚನೆಯ ಪಾಠವು ಇನ್ನೂ ಕಠಿನ. ಅವನು ವರದಿಮಾಡಿದ ಫಲಗಳು ಅತಿ ನಿಶ್ಚಲವಾಗಿದ್ದುವು. ಆದುದರಿಂದ ನಿಷ್ಪತ್ತಿಯೂ ಅತ್ಯುತ್ತಮವಾಗಿ ಕಾಣುತ್ತಿತ್ತು. ಆದರೆ ಮೂಲಧನವೇ ಅಲ್ಲಿರಲಿಲ್ಲ.

ಇಲ್ಲಿ ವಿಜ್ಞಾನೇಶ್ವರನ ಮಾತು ಮತ್ತೆ ನೆನಪಾಗುತ್ತದೆ. ಸ್ಮೃತಿಯು ಕೇಳಿದ ಪ್ರಶ್ನೆ, ಹಣವು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು. ನಿಷ್ಪತ್ತಿಯು ಕೇಳುವುದು, ಬಂದ ಅಂಕೆಗಳು ಎಷ್ಟು ಅಲುಗಾಡಿದುವು ಎಂಬುದು. ಎರಡನೆಯದು ಸೂಕ್ಷ್ಮವಾದುದು, ಅನೇಕ ಹುಸಿ ಕೀರ್ತಿಗಳನ್ನು ಒಡೆದುದು, ಅದನ್ನು ಹಳಿಯಲಾಗದು. ಆದರೆ ಮೊದಲನೆಯ ಪ್ರಶ್ನೆಗೆ ಅದು ಉತ್ತರವಲ್ಲ. ಮೂಲವಿನಾಶದ ಶಂಕೆಯನ್ನು ಯಂತ್ರವು ನಮಗಾಗಿ ಪಡಲಾರದು. ಆ ಶಂಕೆಯನ್ನು ಲೆಕ್ಕಿಗನೇ ಪಡಬೇಕು.