ಬೆವರು ಆರದ ಅಂಗಿ

ಮೊನ್ನೆ ಭಾನುವಾರ ಚಿಕ್ಕಮ್ಮನ ಮಗಳು, ಅಂದ್ರೆ ನನ್ನ ಅಕ್ಕ, ಮನೆಗೆ ಬಂದಿದ್ದಳು. ನರ್ಸ್ ಆಗಿದ್ದಾಳೆ. ಮಾತು 2020ರ ಕೊರೋನಾ ದಿನಗಳ ಕಡೆ ಹೊರಳಿತು. "ಪಿಪಿಇ ಕಿಟ್ ಬಿಚ್ಚಿದ್ರೆ ಗ್ಲೌಸಿಂದ ಬೆವರು ಸುರೀತಿತ್ತು ಕಣೋ. ಕನ್ನಡಕದ ತುಂಬ ಮಂಜು, ಏನೂ ಕಾಣ್ತಿರ್ಲಿಲ್ಲ" ಅಂದಳು. ನನಗೆ ತಟ್ಟನೆ ನೆನಪಾಗಿದ್ದು ಯೂಜೀನ್ ಸರ್ನನ್ ಎಂಬ ಗಗನಯಾತ್ರಿ. ಹೇಳಿದ್ರೆ ನಗ್ತಾಳೆ ಅಂತ ಸುಮ್ಮನಿದ್ದೆ. ನಿಮಗೆ ಹೇಳ್ತೀನಿ ಕೇಳಿ.

ಮೊದಲು ಒಂದು ಸಣ್ಣ ವಿಷಯ. ಬೆವರು ಬಂದರೆ ಮೈ ತಂಪಾಗಲ್ಲ, ಬೆವರು ಆರಿದರೆ ತಂಪಾಗುತ್ತೆ. ಮಣ್ಣಿನ ಮಡಕೆಯ ನೀರು ತಣ್ಣಗಾಗೋದೂ ಹೀಗೇ. ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಕೊಂಡೊಯ್ಯುತ್ತೆ. ಆ ಮಡಕೆಗೆ ಪ್ಲಾಸ್ಟಿಕ್ ಸುತ್ತಿಬಿಡಿ, ಮುಗೀತು. ಗಾಳಿಯಾಡದ ಸೂಟಿನೊಳಗೆ ಕೆಲಸ ಮಾಡುವ ಮನುಷ್ಯನ ಪಾಡೂ ಅದೇ. ಮೈಯಿಂದ ಹೊರಡುವ ನೂರಾರು ವ್ಯಾಟ್ ಶಾಖಕ್ಕೆ ಹೋಗಲು ದಾರಿಯಿಲ್ಲ.

1965ರ ಮಾರ್ಚ್ 18ರಂದು ಮೊಟ್ಟಮೊದಲು ನೌಕೆಯಿಂದ ಹೊರಬಂದ ರಷ್ಯಾದ ಲಿಯೊನೊವ್, ಸುಮಾರು 12 ನಿಮಿಷದಲ್ಲೇ ಬೆವರಿನಲ್ಲಿ ತೊಯ್ದುಹೋಗಿದ್ದ. ಸೂಟು ಬಲೂನಿನಂತೆ ಉಬ್ಬಿ, ಒಳಗಿನ ಗಾಳಿ ಸ್ವಲ್ಪ ಬಿಟ್ಟ ಮೇಲೇ ಆತ ವಾಪಸ್ ನುಸುಳಿದ್ದು.

ಸರ್ನನ್ ಕತೆ ಇನ್ನೂ ಕಷ್ಟದ್ದು. 1966ರ ಜೂನ್ 5, ಜೆಮಿನಿ 9ಎ. ನೌಕೆಯ ಹಿಂಭಾಗಕ್ಕೆ ಹೋಗಿ, ಅಲ್ಲಿಟ್ಟಿದ್ದ ಹಾರುವ ಬೆನ್ನುಚೀಲವನ್ನು ತೊಟ್ಟುಕೊಳ್ಳೋದು ಅವನ ಕೆಲಸ. ಅದರ ಬಿಸಿ ಹೊಗೆ ತಾಗಬಾರದು ಅಂತ ಸೂಟಿನ ಕಾಲಿಗೆ ಲೋಹದ ಎಳೆ ನೇಯ್ದ ಬಟ್ಟೆ ಬೇರೆ. ತಂಪಿಗೆ ಇದ್ದದ್ದು ಎದೆಯ ಮೇಲಿನ ಪೆಟ್ಟಿಗೆಯಿಂದ ಬರುವ ಆಮ್ಲಜನಕದ ಗಾಳಿ ಮಾತ್ರ. ಹಿಡಿಯಲು ಆಸರೆ ಸಾಲದು, ಒಂದು ನಟ್ಟು ತಿರುಗಿಸಹೋದರೆ ತಾನೇ ತಿರುಗುತ್ತಿದ್ದ. ಎದೆಬಡಿತ ನಿಮಿಷಕ್ಕೆ 180ರ ಹತ್ತಿರ ಹೋಯ್ತು. ಅಷ್ಟು ಶಾಖ, ಅಷ್ಟು ತೇವ ಎಳೆಯೋದು ಆ ಪೆಟ್ಟಿಗೆಯ ಕೈಲಾಗಲಿಲ್ಲ. ಹೆಲ್ಮೆಟ್ಟಿನ ಗಾಜು ಪೂರ್ತಿ ಮಬ್ಬಾಯ್ತು. ಪುಣ್ಯಾತ್ಮ ಮೂಗಿನಿಂದ ಗಾಜು ಉಜ್ಜಿ, ಒಂದು ಸಣ್ಣ ಕಿಂಡಿ ಮಾಡಿಕೊಂಡು ನೋಡಬೇಕಾಯ್ತು! ನಾಯಕ ಸ್ಟ್ಯಾಫರ್ಡ್ ಬೆನ್ನುಚೀಲದ ಪ್ರಯೋಗ ಸಾಕು ಅಂದ. ಎರಡು ಗಂಟೆಗೂ ಮಿಕ್ಕಿ ಹೊರಗಿದ್ದು, ಕುರುಡನಂತೆ ತಡಕಾಡುತ್ತ ಸರ್ನನ್ ಒಳಗೆ ಬಂದ.

ತಪ್ಪು ಗಾಳಿಯದ್ದೊಂದೇ ಅಲ್ಲ ಅನ್ನಿ. ಅದೇ ನವೆಂಬರಿನಲ್ಲಿ ಜೆಮಿನಿ 12ರ ಆಲ್ಡ್ರಿನ್, ನೀರಿನ ಕೊಳದಲ್ಲಿ ಅಭ್ಯಾಸ ಮಾಡಿ, ಹಿಡಿಕೆ ಮತ್ತು ಕಾಲಾಸರೆಗಳ ಸಹಾಯದಿಂದ ಆರಾಮಾಗಿ ಕೆಲಸ ಮುಗಿಸಿದ. ಆದ್ರೆ ಚಂದ್ರನ ಮೇಲೆ ಗಂಟೆಗಟ್ಟಲೆ ನಡೆದು, ಕಲ್ಲು ಹೊರಬೇಕಲ್ಲ?

ಅದಕ್ಕೆ ಬೇಕಾದ ಉಪಾಯ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಮೊದಲೇ ಹುಟ್ಟಿತ್ತು. ಅಲ್ಲಿನ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನಲ್ಲಿ 1960ರ ದಶಕದ ಶುರುವಿನಲ್ಲಿ, ಪೈಲಟ್‌ಗಳಿಗಾಗಿ ಒಳಉಡುಪಿಗೆ ಸಣ್ಣ ಕೊಳವೆಗಳನ್ನು ಹೊಲಿದು ನೀರು ಹರಿಸಿದರು. ಲೆಕ್ಕ ನೋಡಿ, ಒಂದು ಲೀಟರ್ ನೀರು ಹೊರುವಷ್ಟು ಶಾಖ ಹೊರಲು ಮಾಮೂಲಿ ಗಾಳಿ 3000 ಲೀಟರಿಗೂ ಹೆಚ್ಚು ಬೇಕು. ಅಪೊಲೊ ಸೂಟಿಗೂ ಇದೇ ಬಂತು. ಬೆವರು ಆರಿಸೋ ಗೋಜಿಲ್ಲ, ಚರ್ಮದಿಂದ ನೇರವಾಗಿ ನೀರಿಗೆ ಶಾಖ.

ಆ ನೀರನ್ನು ತಣಿಸೋದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಬೆನ್ನಿನ ಪೆಟ್ಟಿಗೆಯಲ್ಲಿ ಸಣ್ಣ ರಂಧ್ರಗಳ ನಿಕ್ಕಲ್ ತಗಡು. ಬೇರೊಂದು ತೊಟ್ಟಿಯ ನೀರು ಅದರೊಳಗೆ ಜಿನುಗಿದರೆ, ಆಚೆಯ ನಿರ್ವಾತಕ್ಕೆ ಸಿಕ್ಕಿ ಅಲ್ಲೇ ಮಂಜುಗಡ್ಡೆಯಾಗುತ್ತೆ. ಮೈಯಿಂದ ಬಿಸಿಯಾಗಿ ಬಂದ ನೀರಿನ ಶಾಖ ತಗುಲಿದಾಗ ಆ ಮಂಜುಗಡ್ಡೆ ಕರಗದೇ ನೇರ ಆವಿಯಾಗುತ್ತೆ. ಶಾಖ ಹೆಚ್ಚಿದಷ್ಟೂ ಆವಿ ಹೆಚ್ಚು. ನಮ್ಮ ಮಡಕೆಯ ದೂರದ ನೆಂಟ :)

1972ರ ಡಿಸೆಂಬರಿನಲ್ಲಿ ಅಪೊಲೊ 17ರಲ್ಲಿ ಈ ಅಂಗಿ ತೊಟ್ಟು ಚಂದ್ರನ ಮೇಲೆ ಒಟ್ಟು 22 ಗಂಟೆ ಓಡಾಡಿದವನು ಯಾರು ಗೊತ್ತಾ? ಅದೇ ಸರ್ನನ್.

ಅಕ್ಕನಿಗೇಕೆ ಇದು ಸಿಗಲಿಲ್ಲ ಅಂತೀರಾ? ಆಸ್ಪತ್ರೆಯಲ್ಲಿ ನಿರ್ವಾತ ಎಲ್ಲಿಂದ ತರೋದು! ನೆಲದ ಮೇಲೆ ಐಸ್ ಜಾಕೆಟ್ ತೊಡಬಹುದು. ಒಂದು ಕೆಜಿ ಐಸ್ ಕರಗುವಾಗ ಹೀರೋದು 334 ಕಿಲೋಜೂಲ್. 300 ವ್ಯಾಟ್ ಲೆಕ್ಕದಲ್ಲಿ ಇಪ್ಪತ್ತು ನಿಮಿಷವೂ ಬರಲ್ಲ.

ಇನ್ನು ನೀರಿನದ್ದೂ ಒಂದು ಕತೆ ಇದೆ. 2013ರ ಜುಲೈ 16ರಂದು ಅಂತರಿಕ್ಷ ನಿಲ್ದಾಣದ ಹೊರಗಿದ್ದ ಇಟಲಿಯ ಲೂಕಾ ಪಾರ್ಮಿಟಾನೋನ ಹೆಲ್ಮೆಟ್ಟಿನೊಳಗೆ ನೀರು ಬರತೊಡಗಿತು. ಬಂದದ್ದು ಈ ತಂಪಿನ ವ್ಯವಸ್ಥೆಯಿಂದಲೇ. ಗಾಳಿಯಿಂದ ನೀರು ಬೇರ್ಪಡಿಸುವ ಭಾಗದ ಸಣ್ಣ ತೂತುಗಳು ಕಟ್ಟಿಕೊಂಡಿದ್ದವು. ಭಾರವಿಲ್ಲದ ಜಾಗದಲ್ಲಿ ನೀರು ಕೆಳಗೆ ಬೀಳಲ್ಲ, ಮುಖಕ್ಕೆ ಅಂಟುತ್ತೆ. ಕಣ್ಣು, ಕಿವಿ, ಮೂಗು ಮುಚ್ಚಿತು. ಹಗ್ಗ ಹಿಡಿದು ಅಂದಾಜಿನಲ್ಲೇ ಬಾಗಿಲು ಸೇರಿದ.

ನನ್ನ ಹೊಟ್ಟೆ ಉರಿಸಿದ್ದು ಅದಲ್ಲ. ಹಿಂದಿನ ವಾರ, ಜುಲೈ 9ರಂದೇ ಅದೇ ಸೂಟಿನ ಹೆಲ್ಮೆಟ್ಟಿನಲ್ಲಿ ನೀರು ಕಂಡಿತ್ತು. ಕುಡಿಯುವ ನೀರಿನ ಚೀಲ ಸೋರಿರಬೇಕು ಅಂತ ಫೈಲ್ ಮುಚ್ಚಿದ್ದರು. ನಮ್ಮ ಆಫೀಸಿನಲ್ಲಿ ಬಗ್‌ಗಳನ್ನು ನಾನೂ ಹೀಗೇ ಮುಚ್ಚಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಹೆಲ್ಮೆಟ್ಟಿಗೆ ನೀರು ಹೀರುವ ಪ್ಯಾಡ್ ಇಟ್ಟರು, ಜೊತೆಗೆ ಮುಳುಗುಗಾರರು ಬಾಯಲ್ಲಿಟ್ಟುಕೊಳ್ಳೋ ಥರದ ಉಸಿರುಕೊಳವೆ!

ಅಕ್ಕನಿಗೆ ಇದರ ಲಿಂಕ್ ಕಳಿಸ್ತಿದ್ದೀನಿ. ನಗ್ತಾಳೋ ಬೈತಾಳೋ ನೋಡ್ಬೇಕು.